ಅರ್ಧಕ್ಕೆ ಬಿಟ್ಟ ಚೆನ್ನೆ

ಸಂಜೆ ದೀಪ ಹಚ್ಚಿದ ಮೇಲೆ ದೇವರು ಆ ದಿನ ಕೊಟ್ಟದ್ದನ್ನು ಒಂದೊಂದಾಗಿ ನೆನೆಯುವುದು ನನಗೆ ಅಜ್ಜಿಯಿಂದ ಬಂದ ಅಭ್ಯಾಸ. ಹಸು ಒದೆಯದೆ ಹಾಲು ಕೊಟ್ಟದ್ದು, ಒದ್ದೆ ಸೌದೆ ಕೊನೆಗೂ ಹತ್ತಿಕೊಂಡದ್ದು, ಇವರ ಜ್ವರ ಇಳಿದದ್ದು, ಹೀಗೆ. ದೊಡ್ಡದನ್ನು ಕೇಳುವವಳಲ್ಲ ನಾನು. ಆದರೆ ಇವೆಲ್ಲದರ ಕೊನೆಗೆ ಬಹಳ ವರ್ಷಗಳಿಂದ ತಪ್ಪದೆ ನೆನೆಯುವಂಥದ್ದು ಒಂದು ಉಂಟು: ಒಂದು ಆಟಿ ತಿಂಗಳ ಮಧ್ಯಾಹ್ನ ನನ್ನ ಗಂಡನ ಅಕ್ಕನ ಮುಖ ಬಾಡಿದ ರೀತಿ. ಅದನ್ನೂ ದೇವರೇ ಕೊಟ್ಟದ್ದು ಅಂತ ನಾನು ನಂಬಿದ್ದೇನೆ. ಅಲ್ಲ ಅಂತ ಅವನು ಇಷ್ಟರವರೆಗೆ ಹೇಳಿಲ್ಲ.

ನನಗೆ ಮದುವೆಯಾದದ್ದು ಯುದ್ಧ ಮುಗಿದ ಮೇಲೆ, ಅಕ್ಕಿ ಸೀಮೆಎಣ್ಣೆ ಎಲ್ಲ ಇನ್ನೂ ಅಳತೆಯಲ್ಲೇ ಸಿಗುತ್ತಿದ್ದ ಕಾಲದಲ್ಲಿ. ನಮ್ಮ ಕಡೆಯ ಊರುಗಳು ಆಗ ಮಂಗಳೂರಿನ ಜಿಲ್ಲೆಗೇ ಸೇರಿದ್ದವು. ತವರು ವರ್ಕಾಡಿ, ಕೊಟ್ಟದ್ದು ಪೈವಳಿಕೆಗೆ. ನಮ್ಮದು ಅಳಿಯಕಟ್ಟಿನ ಕುಟುಂಬ, ಮನೆ ಆಸ್ತಿ ಎಲ್ಲ ಹೆಣ್ಣಿನ ಕಡೆಯಿಂದ ಇಳಿಯುವುದು. ಹಾಗಾಗಿ ನಾನು ಹೋದದ್ದು ಗಂಡನ ಮನೆಗೆ ಅಂತ ಬಾಯಿಮಾತಿಗೆ ಮಾತ್ರ, ನಿಜವಾಗಿ ಅದು ಇವರ ಅಕ್ಕನ ಮನೆ. ನಾನೂ ಅವರನ್ನು ಅಕ್ಕ ಅಂತಲೇ ಕರೆಯುತ್ತಿದ್ದೆ. ಅವರು ನನ್ನನ್ನು "ಏ" ಅಂತ ಕರೆಯುತ್ತಿದ್ದರು.

ನಮ್ಮಲ್ಲಿ ಒಂದು ಕ್ರಮ ಉಂಟು. ಮದುವೆಯಾದ ವರ್ಷ, ಮಳೆ ಜೋರಾಗಿ ಹೊಡೆಯುವ ಆಟಿ ತಿಂಗಳಲ್ಲಿ ಹೊಸ ಹುಡುಗಿ ತವರಿನಲ್ಲಿ ಕೂರಬೇಕು. ತವರಿನವರು ಬಂದು ಕರೆದುಕೊಂಡು ಹೋಗುತ್ತಾರೆ. ಬೇಸಿಗೆಯಲ್ಲಿ ಬಂದವಳು ನಾನು, ಆಟಿ ಯಾವಾಗ ಹುಟ್ಟುತ್ತದೆ ಅಂತಲೇ ಕಾಯುತ್ತಿದ್ದೆ. ಅಮ್ಮನ ಕೈಯ ಪತ್ರೊಡೆಗಾಗಿ ಅಂತ ಹೇಳಿದರೆ ಅದು ಅರ್ಧ ಸತ್ಯ. ನನಗೆ ಬೇಕಾದದ್ದು ಅಜ್ಜಿ, ಮತ್ತೆ ಅಜ್ಜಿಯ ಚೆನ್ನೆಮಣೆ.

ಚೆನ್ನೆಮಣೆ ಅಂದರೆ ಎರಡು ಸಾಲು ಗುಳಿ ಕೊರೆದ ಮರದ ಮಣೆ. ಕೆಂಪು ಮಂಜೊಟ್ಟಿ ಕಾಯಿಗಳನ್ನು ಗುಳಿಯಿಂದ ಗುಳಿಗೆ ಒಂದೊಂದೇ ಬಿಡುತ್ತಾ ಹೋಗಿ ಎದುರಿನವರ ಕಾಯಿ ಗೆಲ್ಲುವುದು. ಆಟಿಯಲ್ಲಿ ಮಾತ್ರ ಅದನ್ನು ಅಟ್ಟದಿಂದ ಇಳಿಸುವುದು. ಸೋಣ ತಿಂಗಳು ಹುಟ್ಟಿತೋ, ಮಣೆ ಮೇಲೆ ಹೋಯಿತು, ಮತ್ತೆ ಬರುವ ವರ್ಷವೇ. ಗಂಡ ಹೆಂಡತಿ ಎದುರೆದುರು ಕೂತು ಆಡಬಾರದು. ಒಂದೇ ಹೊಟ್ಟೆಯ ಅಕ್ಕತಂಗಿಯರಂತೂ ಆಡಲೇಬಾರದು, ಮನೆ ಒಡೆಯುತ್ತದೆ ಅಂತ. ಅದಕ್ಕೇ ನನಗೆ ಕಲಿಸಿದ್ದು ಅಜ್ಜಿ. ಆಗಲೇ ಅವರ ಕಣ್ಣು ಹೋಗಿತ್ತು. ಬೆರಳ ತುದಿಯಲ್ಲಿ ಗುಳಿ ಮುಟ್ಟಿ ಎಲ್ಲಿ ಎಷ್ಟು ಉಂಟು ಅಂತ ಹೇಳುತ್ತಿದ್ದರು. "ನಿನ್ನ ಸಾಲು ನೋಡ್ಬೇಡ ಮಗಾ, ಎದುರಿನವಳ ಸಾಲು ನೋಡು. ಅವಳಿಗೆ ಎಲ್ಲಿ ಆಸೆ ಉಂಟು ಅಲ್ಲೇ ಅವಳು ಸೋಲುದು," ಅನ್ನುತ್ತಿದ್ದರು.

ಆಟಿ ಹುಟ್ಟಿತು. ಅಮಾವಾಸ್ಯೆಯ ಬೆಳಿಗ್ಗೆ ಎಲ್ಲರೂ ಹಾಲೆಮರದ ಕೆತ್ತೆ, ಅಂದರೆ ತೊಗಟೆಯ ಕಷಾಯ ಕುಡಿದೆವು. ತವರಿಂದ ಯಾರೂ ಬರಲಿಲ್ಲ. ನೆರೆಮನೆಯ ಹೆಂಗಸು ಬಂದಾಗ ಅಕ್ಕ ನನಗೆ ಕೇಳುವ ಹಾಗೆಯೇ ಹೇಳುತ್ತಿದ್ದರು, "ಎಂತ ಮಾಡುದು ಮಾರಾಯ್ತಿ, ಇವಳ ಕಡೆಯವರಿಗೆ ಒಂದು ಕ್ರಮ ಇಲ್ಲ. ಕೊಟ್ಟ ಮೇಲೆ ಮುಗೀತು ಅಂತ ಲೆಕ್ಕ. ಕರೀಲಿಕ್ಕೇ ಬರ್ಲಿಲ್ಲ." ನಾನು ಬಾವಿಕಟ್ಟೆಯಲ್ಲಿ ಕೊಡ ತಿಕ್ಕುತ್ತಾ ಅತ್ತದ್ದು ಉಂಟು. ಮಳೆ ಇದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಅದನ್ನೂ ಒಂದು ದಯೆ ಅಂತ ಎಣಿಸಿದೆ.

ಮತ್ತೊಂದು ದಿನ ಅಕ್ಕ ಹಲಸಿನ ಹಪ್ಪಳದ ಕಟ್ಟೊಂದನ್ನು ಕೈಗೆ ಕೊಟ್ಟು, "ಕೆಂಡದಲ್ಲಿ ಸುಡು," ಅಂದರು. ಒಂದನ್ನು ತಿರುಗಿಸಿ ನೋಡಿದೆ. ಒಣಗಿಸಿದ ಚಾಪೆಯ ನೇಯ್ಗೆ ಅಡಿಯಲ್ಲಿ ಅಚ್ಚು ಬಿದ್ದಿತ್ತು. ಒಂದು ಬದಿಯಲ್ಲಿ ನೇಯ್ಗೆ ಅಡ್ಡಡ್ಡ ಹೋಗಿತ್ತು. ಆ ಅಡ್ಡ ನೇಯ್ಗೆ ನನ್ನ ಕೈಯದ್ದು. ನಮ್ಮ ಮನೆಯ ಚಾಪೆಗೆ ಇಲಿ ಕಚ್ಚಿದಲ್ಲಿ ನಾನೇ ತೇಪೆ ಹಾಕಿದ್ದು, ನೇರ ಬಾರದೆ ಅಡ್ಡ ಹೋಗಿ ಅಮ್ಮನ ಕೈಯಿಂದ ಬೈಸಿಕೊಂಡದ್ದು. ಸ್ವಲ್ಪ ಮುರಿದು ಬಾಯಿಗೆ ಹಾಕಿದೆ. ಅಮ್ಮ ಹಾಕುವ ಸೂಜಿಮೆಣಸಿನ ಖಾರ.

ಇವರು ಹಟ್ಟಿಯಲ್ಲಿ ದನಗಳಿಗೆ ಸೊಪ್ಪು ಹರಡುತ್ತಿದ್ದರು. ಹಪ್ಪಳ ಹಿಡಿದುಕೊಂಡೇ ಹೋದೆ.

"ಇದು ಯಾರು ತಂದದ್ದು?"

ಇವರು ಹಪ್ಪಳ ನೋಡಿದರು, ಸೊಪ್ಪು ನೋಡಿದರು. "ಅಕ್ಕ ಹೇಳ್ಬೇಡ ಅಂದಿದ್ದಳು."

"ಅಣ್ಣ ಬಂದಿದ್ದನಾ?"

"ನೀನು ಗುಡ್ಡೆಗೆ ಹೋಗಿದ್ದಿ ಸೊಪ್ಪಿಗೆ. ಅಕ್ಕ ಅಂಗಳದಲ್ಲೇ ಮಾತಾಡಿ ಕಳಿಸಿದಳು. ನಿನಗೆ ಜ್ವರ, ಮಲಗಿದ್ದಿ, ಎಬ್ಬಿಸುದು ಬೇಡ ಅಂತ. ನೀರು ಸೇದಲಿಕ್ಕೆ ಜನ ಇಲ್ಲ ಅಲ್ವಾ, ಅದಕ್ಕೆ." ಇನ್ನೊಂದು ಹಿಡಿ ಸೊಪ್ಪು ಹರಡುತ್ತಾ ಹೇಳಿದರು, "ಅಜ್ಜಿ ಮಲಗಿದಲ್ಲೇ ಅಂತೆ. ಅವಳು ಬಂದಳಾ, ಬಂದಳಾ ಅಂತ ಕೇಳ್ತಾ ಇದ್ದಾರಂತೆ. ಗೇಟಿನ ಹತ್ರ ನಿಂತು ನಿನ್ನಣ್ಣ ನನ್ನಲ್ಲಿ ಹೇಳಿ ಹೋದ."

ಆ ವಾರವಿಡೀ ಇವರ ಗಂಜಿಗೆ ಉಪ್ಪು ಬೀಳಲಿಲ್ಲ. ಇವರೂ ಕೇಳಲಿಲ್ಲ.

ಅಳುವುದು ಅಲ್ಲಿಗೆ ನಿಂತಿತು. ದೀಪದೆದುರು ಕೂತು ಊರ ಗಣಪತಿಗೆ ಅಪ್ಪದ ಸೇವೆ ಹೇಳಿಕೊಂಡೆ. ಅವಳಿಗೆ ಒಳ್ಳೆಯ ಬುದ್ಧಿ ಕೊಡು ಅಂತ ಅಲ್ಲ. ಜನರ ಎದುರು ಅವಳ ತಲೆ ತಗ್ಗಿಸು, ಆಟಿ ಮುಗಿಯುವ ಮೊದಲು ನನ್ನನ್ನು ಅಜ್ಜಿಯ ಹತ್ತಿರ ಮುಟ್ಟಿಸು ಅಂತ. ದೇವರಲ್ಲಿ ಸುತ್ತಿಬಳಸಿ ಮಾತಾಡಬಾರದು.

ದಾರಿಯೂ ಎದುರಿಗೇ ಇತ್ತು. ಅಕ್ಕನಿಗೆ ಚೆನ್ನೆಯಲ್ಲಿ ಭಾರೀ ಹೆಸರು. ಊಟ ಮುಗಿದ ಮೇಲೆ ನೆರೆಮನೆಯ ಹೆಂಗಸರು ತಲೆಗೆ ಓಲೆಯ ಗೊರಬು ಹಾಕಿಕೊಂಡು ಮಳೆಯಲ್ಲೇ ಬರುತ್ತಿದ್ದರು. ಆ ಜಗಲಿಯಲ್ಲಿ ಒಂದು ಕಟ್ಟಳೆ ಇತ್ತು. ಸೋತವಳು ಗೆದ್ದವಳು ಹೇಳಿದ ಒಂದು ಕೆಲಸ ಮಾಡಬೇಕು, ಇಲ್ಲ ಅನ್ನುವ ಹಾಗಿಲ್ಲ. ಅಕ್ಕ ಹೀಗೆ ಗೆದ್ದು ಒಬ್ಬಳಿಂದ ತಲೆಗೆ ಎಣ್ಣೆ ತಿಕ್ಕಿಸಿಕೊಂಡದ್ದು, ಇನ್ನೊಬ್ಬಳಿಂದ ಹಲಸಿನ ಬೀಜದ ಸಿಪ್ಪೆ ಸುಲಿಸಿಕೊಂಡದ್ದು ನಾನೇ ನೋಡಿದ್ದೆ.

ನಾನು ಮಜ್ಜಿಗೆ ಕೊಡುವ ನೆಪದಲ್ಲಿ ಬದಿಯಲ್ಲಿ ಕೂರಲಿಕ್ಕೆ ಶುರು ಮಾಡಿದೆ. "ಇದು ಎಲ್ಲಿಗೆ ಹಾಕುದು ಅಕ್ಕ? ಈ ಗುಳಿ ಯಾರದ್ದು?" ಅಂತ ಮಂಕು ಪ್ರಶ್ನೆ ಕೇಳುವುದು. ಅವರು ನಗುವುದು. ಅಷ್ಟರಲ್ಲಿ ನಾನು ನೋಡಿಕೊಂಡದ್ದು ಇಷ್ಟು: ಅಕ್ಕನಿಗೆ ಬಲಮೂಲೆಯ ಗುಳಿ ತುಂಬಿಸಿಟ್ಟುಕೊಳ್ಳುವ ಆಸೆ. ಅದು ತುಂಬುವವರೆಗೆ ಬೇರೆ ಕಡೆ ಕಣ್ಣೇ ಇಲ್ಲ. ದೊಡ್ಡ ಗೆಲುವು ಕಂಡರೆ ಎಲೆಅಡಿಕೆ ಜಗಿಯುವುದು ನಿಂತುಹೋಗುತ್ತದೆ.

ಒಂದು ಮಧ್ಯಾಹ್ನ ನೆರೆಮನೆಯ ಹಿರಿಯ ಹೆಂಗಸು ಹೇಳಿದರು, "ಪಾಪ, ಅವಳೂ ಒಮ್ಮೆ ಕೂರಲಿ. ದಿನಾ ನೋಡುದೇ ಆಯ್ತು."

"ಕೂರಲಿ, ಕೂರಲಿ," ಅಂದರು ಅಕ್ಕ. "ಹೊರಗಿನವಳು ಅಲ್ವಾ, ನನ್ನೊಟ್ಟಿಗೆ ಆಡಿದರೆ ದೋಷ ಎಂತ ಇಲ್ಲ. ಸೋತರೆ ಆ ಇಡೀ ಅಂಗಳದ ಹಾವಸೆ ತಿಕ್ಕಬೇಕು, ಆಗ್ಬಹುದಾ?"

"ಆಗ್ಬಹುದು ಅಕ್ಕ," ಅಂದೆ. ಹೊರಗಿನವಳು ಅನ್ನುವ ಮಾತನ್ನು ಜೋಪಾನವಾಗಿ ಮನಸ್ಸಿನಲ್ಲಿ ಇಟ್ಟುಕೊಂಡೆ.

ಮೊದಲ ಸುತ್ತಿನಲ್ಲಿ ಬೇಕಂತಲೇ ಸ್ವಲ್ಪ ಬಿಟ್ಟುಕೊಟ್ಟೆ. ಅಕ್ಕ ಬಲಮೂಲೆ ತುಂಬಿಸುತ್ತಾ ಹೋದರು. ಎರಡನೆಯ ಸುತ್ತಿನಲ್ಲಿ ಆ ಮೂಲೆಯನ್ನೇ ಎತ್ತಿದೆ, ಒಂದೇ ಸಲಕ್ಕೆ. ಅವರ ಬಾಯಿ ಜಗಿಯುವುದು ನಿಂತಿತು. ಈ ಸಲ ಗೆಲುವು ಕಂಡು ಅಲ್ಲ. ನಾನು ಮಣೆ ನೋಡುತ್ತಲೇ ಇರಲಿಲ್ಲ, ಅಜ್ಜಿಯ ಹಾಗೆ ಬೆರಳಲ್ಲೇ ಮುಟ್ಟಿ ಬಿಡುತ್ತಿದ್ದೆ, ಅವರ ಮುಖವನ್ನೇ ನೋಡುತ್ತಾ. ಮರುಸುತ್ತಿಗೆ ಗುಳಿ ತುಂಬಿಸಲಿಕ್ಕೆ ಅವರಲ್ಲಿ ಕಾಯಿ ಸಾಲಲಿಲ್ಲ. ತುಂಬದ ಗುಳಿಯಲ್ಲಿ ಒಂದೊಂದು ಕಡ್ಡಿ ಇಡಬೇಕು, ಅದು ಆಟದಿಂದ ಹೊರಗೆ ಅಂತ ಗುರುತು. ಗುಡಿಸುವ ಹಿಡಿಸೂಡಿಯಿಂದ ಕಡ್ಡಿ ಮುರಿದು ನಾನೇ ಇಟ್ಟೆ, ಅವರ ಸಾಲಿನಲ್ಲಿ, ಒಂದಾದ ಮೇಲೆ ಒಂದು. ಹೆಂಗಸರೆಲ್ಲ ಮಾತು ಬಿಟ್ಟು ಹತ್ತಿರ ಸರಿದರು. ಇವರೂ ಒಳಬಾಗಿಲಿಗೆ ಬಂದು ನಿಂತಿದ್ದರು.

ನಾನು ಗೆದ್ದರೆ ಏನು ಕೇಳುತ್ತೇನೆ ಅಂತ ಅಕ್ಕನಿಗೆ ಆಗ ಹೊಳೆಯಿತು ಅಂತ ಕಾಣುತ್ತದೆ. ಕೈಯಲ್ಲಿದ್ದ ಕಾಯಿಗಳನ್ನು ಕೆಳಗಿಟ್ಟರು.

"ಸಾಕು ಇವತ್ತಿಗೆ."

"ಮುಗೀಲಿಲ್ಲ ಅಲ್ವಾ ಅಕ್ಕ."

"ಮುಗಿಸುದೆಂತ. ಯೋಚಿಸಿದರೆ ನಾವು ಕೂತದ್ದೇ ತಪ್ಪು. ಒಂದೇ ಮನೆಯಲ್ಲಿ ಉಣ್ಣುವವರು, ನೀನು ನನಗೆ ತಂಗಿಯ ಹಾಗೆ. ಅಕ್ಕತಂಗಿ ಎದುರೆದುರು ಚೆನ್ನೆ ಆಡ್ಬಾರ್ದು, ಒಳ್ಳೇದಲ್ಲ."

ಊಟದ ಎಂಜಲು ತೆಗೆಯುವಾಗ ನಾನು ಹೊರಗಿನವಳು. ಮಣೆಯಲ್ಲಿ ಮೂರು ಕಡ್ಡಿ ನಿಂತದ್ದೇ ತಂಗಿ.

"ಹೌದಾ ಅಕ್ಕ," ಅಂದೆ. ನನ್ನ ಧ್ವನಿ ನನಗೇ ಮೆತ್ತಗೆ ಕೇಳಿತು. "ನಾನು ತಂಗಿ ಅಂತ ಆದರೆ ನನ್ನ ಅಣ್ಣ ನಿಮಗೆ ಎಂತ ಆಗ್ಬೇಕು?"

"ಎಂತ ಆಗುದು, ತಮ್ಮ."

"ಹಾಗಾದರೆ ಮೊನ್ನೆ ಆ ತಮ್ಮ ಹಪ್ಪಳದ ಕಟ್ಟು ಹೊತ್ತುಕೊಂಡು, ಹೊಳೆ ದಾಟಿ, ಮಳೆಯಲ್ಲಿ ನೆನೆದು ಬಂದಾಗ ಒಂದು ಚೆಂಬು ನೀರು, ಒಂದು ತುಂಡು ಬೆಲ್ಲ ಕೊಡದೆ ಅಂಗಳದಿಂದಲೇ ಕಳಿಸಿದ್ದು ಯಾಕೆ? ಜ್ವರ ಯಾರಿಗೆ ಬಂದದ್ದು ಅಕ್ಕ? ನನಗಂತೂ ಗೊತ್ತಾಗ್ಲಿಲ್ಲ."

ನಮ್ಮ ಊರಲ್ಲಿ ದಾರಿಹೋಕನಿಗೂ ಬೆಲ್ಲ ನೀರು ಕೊಡದೆ ಕಳಿಸುವುದಿಲ್ಲ. ಆ ಹಿರಿಯ ಹೆಂಗಸು ಅಕ್ಕನ ಕಡೆ ತಿರುಗಿದರು. "ಬಂದಿದ್ದನಾ? ಅವರು ಕರೀಲಿಕ್ಕೇ ಬರ್ಲಿಲ್ಲ ಅಂತ ಅಲ್ವಾ ನೀವು ಊರಿಡೀ ಹೇಳಿದ್ದು?"

ಅಕ್ಕ ಎಲೆಅಡಿಕೆಯ ತಟ್ಟೆ ಹತ್ತಿರ ಎಳೆದುಕೊಂಡರು. ಆ ಹೆಂಗಸು ಬಾಗಿಲಿನ ಕಡೆ ನೋಡಿದರು. "ನೀನು ಹೇಳು ಮಾರಾಯ. ಬಂದಿದ್ದನಾ?"

ಇವರು ಬಾಗಿಲ ದಾರಂದ ಹಿಡಿದುಕೊಂಡು ನಿಂತಿದ್ದರು. ಅಕ್ಕನ ಎದುರು ಒಂದು ಮಾತು ಎತ್ತಿದವರಲ್ಲ. ಉಪ್ಪಿಲ್ಲದ ಗಂಜಿ ನೆನಪಾಯಿತೋ ಏನೋ.

"ಬಂದಿದ್ದ," ಅಂದರು.

ಆಗಲೇ ಅಕ್ಕನ ಮುಖ ಹೋದದ್ದು. ಎಣ್ಣೆ ಮುಗಿದ ದೀಪದ ಹಾಗೆ, ಮೆಲ್ಲ ಮೆಲ್ಲ. ನಾನು ಕಣ್ಣು ಮಿಟುಕಿಸದೆ ನೋಡಿದೆ. ಒಬ್ಬಳು ಸೆರಗು ಬಾಯಿಗೆ ಹಿಡಿದಳು. ಇನ್ನೊಬ್ಬಳು ಮಳೆ ಕಡಿಮೆಯಾಯ್ತು ಅಂತ ಎದ್ದಳು. ಮಳೆ ಕಡಿಮೆಯಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಇವರೇ ನನ್ನನ್ನು ಕರೆದುಕೊಂಡು ಹೊರಟರು. ಅಕ್ಕ ಹೊರಗೆ ಬರಲಿಲ್ಲ. ಹೊಳೆ ತುಂಬಿತ್ತು, ದೋಣಿಯವನು ನೀರು ಇಳಿಯಲಿ ಅಂತ ಬಹಳ ಹೊತ್ತು ಕಾಯಿಸಿದ. ನಾನು ದಡದಲ್ಲಿ ಕೂತು ಗಣಪತಿಯನ್ನು ನೆನೆದೆ, ಇವರು ಗೊರಬು ನನಗೇ ಕೊಟ್ಟು ನೆನೆಯುತ್ತಾ ನಿಂತರು. ಸಂಜೆಯ ಗಂಜಿಗೆ, ತವರಿನಲ್ಲಿ, ನಾನೇ ಇವರಿಗೆ ಉಪ್ಪು ಬಡಿಸಿದೆ.

ಅಜ್ಜಿ ನನ್ನ ಕೈ ಮುಟ್ಟಿಯೇ ಗುರುತು ಹಿಡಿದರು. ಒರಗಿಸಿ ಕೂರಿಸಿ, ಮಣೆಯನ್ನು ಅವರ ತೊಡೆಯ ಮೇಲಿಟ್ಟು ಒಂದು ಆಟ ಆಡಿದೆ. ಕಾಯಿ ಬೆರಳಿನಿಂದ ಜಾರುತ್ತಿತ್ತು, ಆದರೂ ಗೆದ್ದರು. ನಡೆದದ್ದೆಲ್ಲ ಹೇಳಿದೆ. ಕೇಳಿ ಮುಗಿಸಿ ಅಂದರು, "ಅರ್ಧಕ್ಕೆ ಎದ್ದಳಾ? ಹಾಗಾದರೆ ನೀನು ಗೆದ್ದಿಲ್ಲ. ಬಾಕಿ ಇಡಬೇಡ ಮಗಾ, ಹೋಗಿ ಮುಗಿಸು."

ಸೋಣದಲ್ಲಿ ಅಜ್ಜಿ ಹೋದರು. ನಾನು ಹತ್ತಿರ ಇದ್ದೆ, ಬಾಯಿಗೆ ನೀರು ಬಿಟ್ಟೆ. ಅಕ್ಕನ ಮಾತು ನಡೆದಿದ್ದರೆ ಆ ಹೊತ್ತಿಗೆ ನಾನು ಪೈವಳಿಕೆಯಲ್ಲಿ ಅವರ ಸ್ನಾನಕ್ಕೆ ನೀರು ಸೇದುತ್ತಾ ಇರುತ್ತಿದ್ದೆ. ಕ್ಷಮಿಸಬೇಕು ಅಂತ ಕೆಲವರು ನನಗೆ ಹೇಳಿದ್ದಾರೆ. ಹೇಳಿದವರಿಗೆ ಮಜ್ಜಿಗೆ ಕೊಟ್ಟು ಕಳಿಸಿದ್ದೇನೆ.

ತಿರುಗಿ ಪೈವಳಿಕೆಗೆ ಬಂದಾಗ ಅಕ್ಕನ ಮಣೆಯನ್ನು ಅಟ್ಟಕ್ಕೆ ಹಾಕಿ ಆಗಿತ್ತು, ಕಡ್ಡಿ ತೆಗೆಯುವ ಮನಸ್ಸು ಯಾರಿಗೂ ಬಂದಿರಲಿಲ್ಲ. ಮುಂದಿನ ಆಟಿಯಲ್ಲಿ ಇಳಿಸಿದವಳು ನಾನೇ. ತೆಂಗಿನೆಣ್ಣೆ ಹಚ್ಚಿ ಒರೆಸಿ, ಅದೇ ಕಡ್ಡಿ ಅದೇ ಗುಳಿಯಲ್ಲಿ ನಿಲ್ಲಿಸಿ, ಕಾಯಿಗಳನ್ನು ಬಿಟ್ಟಲ್ಲಿಗೇ ಜೋಡಿಸಿ, ಹೆಂಗಸರೆಲ್ಲ ಬಂದು ಕೂತ ಮೇಲೆ ಅಕ್ಕನ ಎದುರು ಇಟ್ಟೆ.

"ಬಾಕಿ ಉಂಟಲ್ವಾ ಅಕ್ಕ, ಮುಗಿಸುವನಾ?"

"ತಲೆನೋವು," ಅಂದರು ಅಕ್ಕ, ಎದ್ದು ಹೋದರು.

ಅದರ ಮುಂದಿನ ಆಟಿಗೆ ಸೊಂಟನೋವು. ಮತ್ತೊಂದಕ್ಕೆ ಹಟ್ಟಿಯಲ್ಲಿ ಕೆಲಸ. ಬೇರೆ ಹೆಂಗಸರಿಗೆ ಆಡಲಿಕ್ಕೆ ಅಂತ ಇವರು ಬಂದ್ಯೋಡಿನ ಪೇಟೆಯಿಂದ ಇನ್ನೊಂದು ಮಣೆ ತಂದುಕೊಟ್ಟರು, ಏನೂ ಕೇಳದೆ. ಹಳೆಯ ಮಣೆಯನ್ನು ಮಾತ್ರ ನಾನು ಬೇರೆ ಯಾರಿಗೂ ಮುಟ್ಟಲು ಬಿಡುವುದಿಲ್ಲ. "ಏ" ಅಂತ ಕರೆಯುವುದು ಯಾವಾಗ ನಿಂತಿತೋ ನೆನಪಿಲ್ಲ.

ಕಳೆದ ಆಟಿಯಲ್ಲೂ ಇಳಿಸಿದೆ. ಅಕ್ಕ ಈಗ ಜಗಲಿಯ ಮೂಲೆಯಲ್ಲೇ ಕೂರುವುದು. ಮಣೆ ನೆಲಕ್ಕೆ ತಾಗಿದ ಸದ್ದು ಕೇಳಿಯೇ ಮುಖ ತಿರುಗಿಸಿದರು.

"ನನಗೀಗ ಕಣ್ಣು ಕಾಣುದಿಲ್ಲ ಮಾರಾಯ್ತಿ," ಅಂದರು.

"ಅದಕ್ಕೆಂತ ಅಕ್ಕ," ಅಂದೆ. "ನಮ್ಮ ಅಜ್ಜಿ ಮುಟ್ಟಿಯೇ ಆಡುತ್ತಿದ್ದರು." ಅವರ ಕೈ ಹಿಡಿದು, ಬೆರಳನ್ನು ಆ ಕಡ್ಡಿಗಳಿಗೆ ಮುಟ್ಟಿಸಿದೆ, ಒಂದಾದ ಮೇಲೆ ಒಂದು.

ಆ ಸಂಜೆ ದೀಪ ಹಚ್ಚಿದ ಮೇಲೆ ಹಸುವಿನ ಹಾಲು, ಸೌದೆ, ಇವರ ಆರೋಗ್ಯ ಎಲ್ಲ ನೆನೆದು ಮುಗಿಸಿ, ಕೊನೆಗೆ ಅದನ್ನೂ ನೆನೆದೆ.