ಆ ಏಳು ಮಕ್ಕಳಿಗೆ ನಾನು ಕೊಟ್ಟ ರಜೆ

ನಾನು ಓದಿದ್ದು ಐದನೇ ಕ್ಲಾಸು. ತಂಗಿ ಟೀಚರಾದಳು. ಮಂಡಕಳ್ಳಿ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಐದು ಕ್ಲಾಸಿಗೂ ಅವಳೊಬ್ಬಳೇ. ಅಲ್ಲೇ ನಾನು ಬಿಸಿಯೂಟ ಮಾಡುತ್ತೇನೆ. ಮಕ್ಕಳೆದುರು ಅವಳನ್ನು ಮೇಡಂ ಅಂತಲೇ ಕರೆಯುತ್ತೇನೆ.

ಹೋದ ವರ್ಷ ಶಾಲೆಗಳ ಮೌಲ್ಯಮಾಪನ ಬಂತು. ಮಕ್ಕಳಿಂದ ಓದಿಸಿ, ಲೆಕ್ಕ ಮಾಡಿಸಿ ಶಾಲೆಗೊಂದು ಗ್ರೇಡು ಕೊಡುತ್ತಾರೆ. ಹಿಂದುಳಿದ ಶಾಲೆ ಅಂತ ಪಟ್ಟಿಗೆ ಸೇರಿದರೆ ಇನ್ನೊಬ್ಬ ಟೀಚರನ್ನು ಕಳಿಸುತ್ತಾರಂತೆ ಎಂದು ತಂಗಿ ಊಟಕ್ಕೆ ಕೂತಾಗ ಹೇಳಿದ್ದಳು. ನನ್ನ ಕಿವಿಗೆ ಬಿದ್ದದ್ದು ‘ಹಿಂದುಳಿದ’ ಅನ್ನುವ ಮಾತೊಂದೇ. ಚಿಕ್ಕವಳಿದ್ದಾಗ ನನ್ನನ್ನು ಹಿಂದಿನ ಸಾಲಿಗೆ ಕಳಿಸಿ ದಡ್ಡಿ ಅಂದಿದ್ದರು. ತಂಗಿಯ ಶಾಲೆಗೆ ಅಂಥ ಹೆಸರು ಬರಬಾರದು ಅನ್ನಿಸಿತು.

ಅಕ್ಷರ ಕೂಡಿಸಿ ಓದಲಾಗದ ಮಕ್ಕಳು ಏಳು. ಯಾರು ಯಾರು ಅಂತ ನನಗೆ ಗೊತ್ತು. ಅಡುಗೆಮನೆಯ ಗೋಡೆಯಾಚೆಯೇ ಕ್ಲಾಸು. ಮೌಲ್ಯಮಾಪನದ ಹಿಂದಿನ ದಿನ ಪಾತ್ರೆ ತೊಳೆದಿಟ್ಟು ಆ ಏಳೂ ಮನೆಗೆ ಹೋದೆ. ನಾಳೆ ದೊಡ್ಡ ಸಾಹೇಬರು ಬರುತ್ತಾರೆ, ಓದಲು ಬಾರದವರು ಬೇಡ ಎಂದು ಹೇಳಿ ಬಂದೆ. ಎಲ್ಲರೂ ಆಯ್ತು ಅಂದರು. ನಾಲ್ಕನೇ ಕ್ಲಾಸಿನ ಒಬ್ಬಳು ಮಾತ್ರ ನನ್ನ ಹಿಂದೆಯೇ ಬೀದಿಗೆ ಬಂದು, ಮೇಡಂ ಎರಡು ಸಾಲು ಕಲಿಸಿದ್ದಾರೆ, ಅಷ್ಟನ್ನು ಓದುತ್ತೇನೆ ಅಂದಳು. ಇನ್ನೊಂದು ಸಲ ಓದುವೆಯಂತೆ ಅಂದೆ.

ಬಂದವರು ಇದ್ದ ಮಕ್ಕಳಿಂದ ಓದಿಸಿದರು. ಉಳಿದವರ ಹೆಸರಿನ ಮುಂದೆ ಗೈರು ಅಂತ ಬರೆದುಕೊಂಡರು. ಯಾಕೆ ಬಂದಿಲ್ಲ ಅಂತ ಬರೆಯಲು ಆ ಹಾಳೆಯಲ್ಲಿ ಜಾಗ ಇರಲಿಲ್ಲವಂತೆ. ನನ್ನ ಸಾರನ್ನು ಹೊಗಳಿ ಹೋದರು.

ಆ ಮಕ್ಕಳಿಗೆ ಜ್ವರವೋ ಏನೋ ಅಂದುಕೊಂಡಿದ್ದ ತಂಗಿಗೆ, ‘ಎ’ ಗ್ರೇಡು ಬಂದ ದಿನ, ನಾನೇ ಜಂಬದಿಂದ ಎಲ್ಲ ಹೇಳಿದೆ. ಅವಳು ಹಾಜರಿ ಪುಸ್ತಕ ತೆಗೆದು ಆ ಏಳು ಹೆಸರುಗಳ ಮೇಲೆ ಬೆರಳಾಡಿಸಿದಳು.

“ಅವ್ರು ನೋಡ್ಬೇಕಾಗಿದ್ದಿದ್ದೇ ಆ ಏಳು ಮಕ್ಕಳನ್ನ ಕಣಕ್ಕ. ನೀನು ಬಚ್ಚಿಟ್ಬುಟ್ಟೆ.”

ಮತ್ತೆ ಬಂದು ನೋಡಿ ಎಂದು ಅವಳು ಇಲಾಖೆಗೆ ಅರ್ಜಿ ಬರೆದಳು. ಚೆನ್ನಾಗಿರುವ ಶಾಲೆಯನ್ನು ಈ ವರ್ಷ ಮತ್ತೆ ನೋಡುವುದಿಲ್ಲ ಎಂದರು. ಬರಬೇಕಿದ್ದ ಟೀಚರು ಬೇರೆ ಶಾಲೆಗೆ ಹೋದರು. ಆರು ಮಕ್ಕಳು ಈಗಲೂ ಗೋಡೆಯಾಚೆ ತಡವರಿಸುವುದು ನನಗೆ ಕೇಳಿಸುತ್ತದೆ.

ಆ ಹುಡುಗಿ ಬರುವುದನ್ನೇ ಬಿಟ್ಟಳು. ಕರೆಯಲು ಮೂರು ಸಲ ಹೋದೆ. ಅವಳ ತಾಯಿ ನನ್ನನ್ನು ಕೂರಿಸಿ ನೀರು ಕೊಟ್ಟರು, ಸಿಟ್ಟು ಮಾಡಲಿಲ್ಲ.

“ಓದಕ್ಕೆ ಬಾರ್ದೋರು ಬ್ಯಾಡ ಅಂತ ನೀವೇ ಹೇಳಿದ್ರಲ್ಲವ್ವ,” ಅಂದರು.

ಹುಡುಗಿ ಒಳಗೇ ಇದ್ದಳು. ಹೊರಗೆ ಬರಲಿಲ್ಲ.