ಎರಡೇ ಸಲ ಕರೆದ ದನಿ

ಇದನ್ನು ಬರೆಯುವಾಗ ಮಗಳು ಪುಟ್ಟಿ ನನ್ನ ಪಕ್ಕದಲ್ಲೇ ಕೂತು ಮಗ್ಗಿ ಬರೆಯುತ್ತಿದ್ದಾಳೆ. ಕಟ್ಟುಕತೆ ಹೇಳುವುದು ನನ್ನ ಜಾಯಮಾನವಲ್ಲ; ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದಿದವಳು. ಆ ರಾತ್ರಿ ನಡೆದದ್ದರಲ್ಲಿ ಅರ್ಧಕ್ಕೆ ನನ್ನ ಬಳಿ ವಿವರಣೆ ಇದೆ. ಉಳಿದರ್ಧಕ್ಕೆ ಇಲ್ಲ.

ನನ್ನ ತಮ್ಮ ಲೋಕೇಶನಿಗೆ ಕಡೂರಿನಲ್ಲಿ ಗಾಡಿಗಳ ವೈರಿಂಗ್ ಅಂಗಡಿ. ಹಳೆಯ ಮಿನಿಬಸ್ಸೊಂದನ್ನು ಬಿಚ್ಚಿ, ಒಳಗೆ ಅಡುಗೆ ಕಟ್ಟೆ, ಫ್ರಿಜ್ಜು, ಎರಡು ಮಂಚ ಕೂರಿಸಿ ನನಗೊಂದು ಕ್ಯಾರವಾನ್ ಮಾಡಿಕೊಟ್ಟಿದ್ದ. ಪುಟ್ಟಿ ಅದಕ್ಕೆ ಮನೆಗಾಡಿ ಎಂದು ಹೆಸರಿಟ್ಟಳು. ಅವಳ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಎರಡು ದೊಡ್ಡ ಬ್ಯಾಟರಿಗಳಿದ್ದವು.

ಚಾರ್ಜ್ ಆಗುವಾಗ ಅವು ಅಪಾಯಕಾರಿ ಗ್ಯಾಸ್ ಬಿಡುತ್ತವೆ. ಅದು ಗಾಡಿಯಿಂದಾಚೆ ಹೋಗಲೇಬೇಕು. ಹಾಗಾಗಿ ಕೇಳಿದ್ದೆ.

"ಲೋಕಿ, ಪೈಪು ಹೊರಗಡೆ ತನಕ ಹಾಕಿದೀಯ ತಾನೆ?"

"ಹಾಕಿದೀನಿ ಕಣಕ್ಕ. ನಿಂಗೆ ಓದಿದ್ದು ಜಾಸ್ತಿಯಾಯ್ತು."

"ಬ್ಯಾಟರಿ ನೀರು?"

"ಅದೂ ಆಯ್ತು. ಫುಲ್ ಆದ್ರೆ ಚಾರ್ಜರ್ ತಾನೇ ಆಫ್ ಆಗ್ತದೆ. ನಂಬ್ಕೆ ಇಲ್ವಾ? ತಗೋ..." ಎಂದು ಪುಟ್ಟಿಯ ನೆತ್ತಿಯ ಮೇಲೆ ಕೈಯಿಟ್ಟ. "ಇವಳಾಣೆ!"

ಆಮೇಲೆ ನಾನು ಬಗ್ಗಿ ನೋಡಲಿಲ್ಲ. ಮಗುವಿನ ತಲೆ ಮುಟ್ಟಿ ಆಣೆಯಿಟ್ಟವನ ಕೆಲಸವನ್ನು ಯಾರು ತಾನೇ ಪರೀಕ್ಷಿಸುತ್ತಾರೆ?

ರಜೆಯಲ್ಲಿ ನಾನು, ಪುಟ್ಟಿ ಇಬ್ಬರೇ ಕೆಮ್ಮಣ್ಣುಗುಂಡಿಗೆ ಹೊರಟೆವು. ತರೀಕೆರೆ ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಫ್ರಿಜ್ಜು ಬ್ಯಾಟರಿಯನ್ನೆಲ್ಲ ಹೀರಿಬಿಟ್ಟಿತ್ತು. ಊರಾಚೆಯ ಕೊಬ್ಬರಿ ಗೋಡೌನಿನ ಕಾವಲುಗಾರ ರುದ್ರಣ್ಣ ಒಳಗೆ ಗಾಡಿ ನಿಲ್ಲಿಸಲು ಬಿಟ್ಟು, ಚಾರ್ಜಿಗೆ ವೈರೂ ಎಳೆದುಕೊಟ್ಟ. ಗೇಟಿಗೆ ಬೀಗ ಹಾಕಿ, "ಧೈರ್ಯವಾಗಿ ಮನಿಕ್ಕಳ್ರವ್ವ" ಎಂದ.

ಸೆಕೆ. ಸೊಳ್ಳೆಗೆ ಹೆದರಿ ಕಿಟಕಿಗಳನ್ನೆಲ್ಲ ಮುಚ್ಚಿದ್ದೆ.

"ಅಮ್ಮಾ, ಮಂಚ ನೀರು ಕುಡೀತಿದೆ..." ಪುಟ್ಟಿ ನಿದ್ದೆಗಣ್ಣಲ್ಲಿ ಹೇಳಿದಳು.

ಕಿವಿಗೊಟ್ಟೆ. ಹೌದು, ಕೆಳಗಿನಿಂದ ಗುಳುಗುಳು ಸದ್ದು. ಚಾರ್ಜ್ ಆಗುತ್ತಿದೆ ಅಷ್ಟೇ ಅಂದುಕೊಂಡೆ. ಲೋಕಿಯ ಆಣೆ ನೆನಪಾಯಿತು. ನಿದ್ದೆ ಹೋದೆ.

"ಅಕ್ಕಾ..."

ಎಚ್ಚರವಾಯಿತು. ಬಾಗಿಲಾಚೆ ಲೋಕಿಯ ದನಿ. ಬಾಯಿ ತೆರೆದವಳು ತಡೆದುಕೊಂಡೆ. ರಾತ್ರಿ ಯಾರಾದರೂ ಕರೆದರೆ ಮೂರನೇ ಸಲದವರೆಗೆ ಓಗೊಡಬಾರದು ಎಂದು ಅಮ್ಮ ಕಲಿಸಿದ್ದಳು. ಮನುಷ್ಯರಲ್ಲದ್ದು ಎರಡೇ ಸಲ ಕರೆಯುತ್ತದಂತೆ.

ತಲೆ ಕಲ್ಲಿನಂತೆ ಭಾರ. ಗಂಟಲು ಉರಿ. ಲೈಟು ಹಾಕೋಣವೆಂದು ಸ್ವಿಚ್ಚಿಗೆ ಕೈ ಚಾಚಿದೆ. ಬೆರಳು ಇನ್ನೇನು ತಾಗಬೇಕು...

"ಅಕ್ಕಾ... ಕೈ ತೆಗೀ ಕಣೇ."

ಬೆಂಕಿ ಮುಟ್ಟಿದವಳಂತೆ ಕೈ ಹಿಂದಕ್ಕೆಳೆದುಕೊಂಡೆ. ಆಗ ಮೂಗಿಗೆ ಬಡಿಯಿತು: ಕೊಳೆತ ಮೊಟ್ಟೆಯ ನಾತ. ಕ್ಲಾಸಿನಲ್ಲಿ ಓದಿದ್ದೆಲ್ಲ ಒಮ್ಮೆಲೇ ನೆನಪಿಗೆ ಬಂತು. ಬ್ಯಾಟರಿಯ ಆ ಗ್ಯಾಸು ಹೊತ್ತಿಕೊಳ್ಳಲು ಸ್ವಿಚ್ಚಿನ ಒಂದು ಕಿಡಿ ಸಾಕಿತ್ತು.

ಮೂರನೇ ಕರೆಗೆ ಕಾಯಲಿಲ್ಲ. ಕತ್ತಲಲ್ಲೇ ತಡಕಿ ಬಾಗಿಲು ತೆರೆದು, ಪುಟ್ಟಿಯನ್ನು ಬಾಚಿಕೊಂಡು ಹೊರಗೆ ಹಾರಿದೆ. ಅವಳ ಕತ್ತು ಬಟ್ಟೆಯಂತೆ ಜೋತುಬಿದ್ದಿತ್ತು.

"ಪುಟ್ಟೀ! ಪುಟ್ಟೀ!"

ಎಷ್ಟೋ ಹೊತ್ತಿನ ಮೇಲೆ ಕೆಮ್ಮಿದಳು. ವಾಂತಿ ಮಾಡಿದಳು. ಕಣ್ಣು ಬಿಟ್ಟಳು.

ಹೊರಗೆ ಯಾರೂ ಇರಲಿಲ್ಲ. ರುದ್ರಣ್ಣ ಓಡಿಬಂದು, ಗೋಡೌನಿನ ಬೋರ್ಡಿನಲ್ಲಿ ಕರೆಂಟ್ ತೆಗೆದ. "ತಮ್ಮನಾ? ಯಾವ ತಮ್ಮ? ಗೇಟಿನ ಬೀಗದಕೈ ನನ್ನ ಸೊಂಟದಾಗೇ ಐತಲ್ಲವ್ವ!"

ಲೋಕಿಗೆ ಫೋನ್ ಮಾಡಿದೆ. ನಿದ್ದೆಯಿಂದ ಎದ್ದ ದನಿ. ಅದರ ಹಿನ್ನೆಲೆಯಲ್ಲಿ ಕಡೂರು ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಸ್ಪಷ್ಟವಾಗಿ ಕೇಳುತ್ತಿತ್ತು. ಅವನ ಮನೆ ಇರುವುದು ಅದರ ಹಿಂದೆಯೇ.

ಬೆಳಗ್ಗೆ ಗಾಡಿಯ ಅಡಿಗೆ ತೂರಿ ನೋಡಿದೆ. ಪೈಪು ಹೊರಬರಲು ತೂತೇ ಇರಲಿಲ್ಲ. ಪೆಟ್ಟಿಗೆಯೊಳಗೆ ಗೇಣುದ್ದದ ಪೈಪೊಂದನ್ನು ನೆಲಕ್ಕೆ ಗಮ್ಮಿನಲ್ಲಿ ಅಂಟಿಸಿದ್ದ, ಅಷ್ಟೇ. ಬ್ಯಾಟರಿಗಳಲ್ಲಿದ್ದ ಚೂರುಪಾರು ನೀರೂ ಕುದ್ದು ಆರಿಹೋಗಿತ್ತು; ಬದಿಗಳು ಊದಿಕೊಂಡಿದ್ದವು. ಚಾರ್ಜರ್ ತಾನಾಗಿ ನಿಲ್ಲುವಂಥದ್ದೇ ಅಲ್ಲ.

"ತೂತು ಕೊರೆಯಕ್ಕೆ ಕೆಳಗೆ ಚಾಸಿ ಕಬ್ಬಿಣ ಅಡ್ಡ ಬಂತಕ್ಕ... ಆಮೇಲೆ ಮಾಡಣ ಅಂತಿದ್ದೆ," ಎಂದ ಫೋನಿನಲ್ಲಿ.

"ಆಣೆ ಯಾಕಿಟ್ಟೆ?"

ಫೋನ್ ಇಟ್ಟುಬಿಟ್ಟ.

ಗ್ಯಾಸಿನ ಮಂಪರಿನಲ್ಲಿ ನನಗೇ ಹಾಗೆ ಕೇಳಿಸಿರಬಹುದು ಎಂದರು ಡಾಕ್ಟರು. ಇರಬಹುದು. ಆದರೆ ಹೊರಗೆ ಎತ್ತಿಕೊಂಡಾಗ ಪುಟ್ಟಿಯ ಮೈಯೆಲ್ಲ ಬೆವರಿ ಸುಡುತ್ತಿತ್ತು. ನೆತ್ತಿ ಮಾತ್ರ... ಅಂಗೈಯಗಲ ಜಾಗ ಮಾತ್ರ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಆಣೆಯಿಡುವಾಗ ಲೋಕಿ ಕೈಯಿಟ್ಟಿದ್ದ ಜಾಗವೇ ಅದು.

ಈಗಲೂ ಕೆಲವು ಸಂಜೆ ಲೋಕಿ ನಮ್ಮ ಮನೆಗೆ ಬರುತ್ತಾನೆ. ಬಾಗಿಲಲ್ಲಿ ನಿಂತು, "ಅಕ್ಕಾ... ಅಕ್ಕಾ... ಅಕ್ಕಾ..." ಎನ್ನುತ್ತಾನೆ. ಮೂರು ಸಲ, ಸರಿಯಾಗಿ ಮನುಷ್ಯರ ಹಾಗೆ.

ನಾನು ಬಾಗಿಲು ತೆಗೆಯುವುದಿಲ್ಲ. ಎರಡೇ ಸಲ ಕರೆದದ್ದಕ್ಕೆ ತೆಗೆದವಳು ನಾನು.