ನಲ್ಲಿಕಟ್ಟೆ ಕಾಣುವ ಎತ್ತರ

ಕೊಟ್ಟೂರಿನಲ್ಲಿ ಬೆಳಗಿನ ಪ್ಯಾಸೆಂಜರ್ ಹತ್ತಿದಾಗ ನನ್ನ ಜೊತೆ ಪಕ್ಕದ ಮನೆಯ ಸಿದ್ದವ್ವಜ್ಜಿ ಇದ್ದರು. ಇಬ್ಬರ ಟಿಕೆಟ್ ಸೇರಿದರೂ ಒಂದು ಪ್ಲೇಟ್ ಮಂಡಕ್ಕಿ-ಮಿರ್ಚಿಗಿಂತ ಅಗ್ಗ. ಪ್ರಪಂಚವನ್ನೇ ಗೆಲ್ಲಲು ಹೊರಟವನಂತೆ ಕಿಟಕಿ ಪಕ್ಕ ಕೂತೆ.

ಅಜ್ಜಿಯ ಯಜಮಾನರು ಬದುಕಿದ್ದಾಗ, ಕೊಟ್ಟೂರಿನ ಹಳಿಯೂ ಅದಿರಿನ ಹಳಿಯೂ ಕೂಡುವ ಜಂಕ್ಷನ್ನಿನಲ್ಲಿ, ಮಹಡಿಯ ಸಿಗ್ನಲ್ ಕ್ಯಾಬಿನ್‌ನಲ್ಲಿ ಲಿವರ್ ಎಳೆಯುತ್ತಿದ್ದರು. ಹೊರಗಿನವರು ಮೇಲೆ ಹತ್ತುವಂತಿರಲಿಲ್ಲ. ಅಜ್ಜಿ ಊಟದ ಡಬ್ಬಿಯನ್ನು ಮೆಟ್ಟಿಲಲ್ಲೇ ಇಟ್ಟು ಬರುತ್ತಿದ್ದರು. ಸಂಜೆ ಮನೆಗೆ ಬಂದ ಯಜಮಾನರು ಮಾತ್ರ, ಅಲ್ಲೇ ಹತ್ತಿರದ ರೈಲ್ವೆ ಕ್ವಾರ್ಟರ್ಸಿನ ನಲ್ಲಿಕಟ್ಟೆಯಲ್ಲಿ ಅಜ್ಜಿ ಮಾಡಿದ ಜಗಳವನ್ನೆಲ್ಲ ಕಣ್ಣಾರೆ ಕಂಡವರಂತೆ ಬಿಡದೆ ಹೇಳುತ್ತಿದ್ದರು. ಪಕ್ಕದ ಕ್ವಾರ್ಟರ್ಸಿನ ನಾಗಮ್ಮನೇ ಚಾಡಿ ಹೇಳುತ್ತಾಳೆಂದು ಅಜ್ಜಿ ಅವಳ ಜೊತೆ ಮಾತು ಬಿಟ್ಟರು. ಬಿಟ್ಟು ಮೂವತ್ತು ವರ್ಷ. ನಾಗಮ್ಮ ಈಗ ಹಗರಿಬೊಮ್ಮನಹಳ್ಳಿಯಲ್ಲಿದ್ದಾರೆ.

ಮೊನ್ನೆ ಮೊಬೈಲಿನಲ್ಲಿ ಆ ಕ್ಯಾಬಿನ್ನಿನ ಹಳೇ ಫೋಟೋ ಸಿಕ್ಕಿತು. ಇನ್ನೂ ಹಾಗೇ ನಿಂತಿದೆ ಎಂದು ನಾನೇ ಕಟ್ಟಿಸಿದವನ ಗತ್ತಿನಲ್ಲಿ ಹೇಳಿಬಿಟ್ಟೆ. ಅಜ್ಜಿ ತಕ್ಷಣ ಹೊರಟು ನಿಂತರು.

"ಮ್ಯಾಲಿಂದ ನಲ್ಲಿ ಕಂಡ್ರ ತಪ್ಪು ನಂದು. ಕಾಣ್ಲಿಲ್ಲಂದ್ರ ಅಕಿದು."

ಜಂಕ್ಷನ್ನಿನಲ್ಲಿ ಇಳಿದು, ಎತ್ತರದ ಕಟ್ಟಡವೊಂದರ ಮುಂದೆ ಅಜ್ಜಿಯನ್ನು ನಿಲ್ಲಿಸಿ, ಅವರು ಬಾಯಿ ತೆರೆಯುವ ಮೊದಲೇ ನಾನು ಭಾಷಣ ಶುರುಮಾಡಿದೆ. ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಒಬ್ಬ ಹೆಗಲ ಮೇಲೆ ಸುತ್ತಿಗೆ ಹೊತ್ತು ಪೂರ್ತಿ ಕೇಳಿಸಿಕೊಂಡ.

"ಅದು ನೀರಿನ ಟಾಕಿ ರೀ. ಕ್ಯಾಬಿನ್ ಕೆಡವಿ ಭಾಳ ವರ್ಷ ಆತು."

ಮೊದಲು ಲಿವರ್ ಎಳೆದರೆ ತಂತಿ ಓಡಿ ದೂರದ ಸಿಗ್ನಲ್ ಕೈ ಇಳಿಯುತ್ತಿತ್ತಂತೆ. ಬಣ್ಣದ ದೀಪ ಬಂದ ಮೇಲೆ ಸ್ಟೇಷನ್ ಮಾಸ್ತರರ ಕೋಣೆಯ ಗುಂಡಿಯೇ ಸಾಕಾಯಿತು. ಲಿವರ್‌ಗಳು ಗುಜರಿಗೆ ಹೋದವು, ಆಮೇಲೆ ಕಟ್ಟಡವೂ ಹೋಯಿತು. ದೊಡ್ಡ ಬೇವಿನ ಮರದ ಬುಡದಲ್ಲಿ ಉಳಿದ ಅಡಿಪಾಯದ ಕಲ್ಲನ್ನು ಅವನೇ ತೋರಿಸಿದ.

ಅಜ್ಜಿ ನನ್ನತ್ತ ತಿರುಗಿದರು. "ಈಗ ಫೋಟೋದಾಗ ಹತ್ತಿ ನೋಡ್ಲೇನು?"

ಮರ್ಯಾದೆ ಉಳಿಸಿಕೊಳ್ಳಲು ಬೇವಿನ ಮರ ಹತ್ತಿದೆ. ಒಂದು ಮಹಡಿಯೆತ್ತರಕ್ಕೆ ಏರುವಷ್ಟರಲ್ಲಿ ಪ್ಯಾಂಟು ಹರಿಯಿತು, ಇರುವೆಗಳು ಊಟಕ್ಕೆ ಪಂಕ್ತಿ ಕೂತವು. ಅಜ್ಜಿ ಪಾಳುಬಿದ್ದ ಕ್ವಾರ್ಟರ್ಸಿಗೆ ನಡೆದು, ಒಣಗಿದ ನಲ್ಲಿಕಟ್ಟೆಯ ಮೇಲೆ ಏನೋ ಮಾಡಿ ವಾಪಸ್ ಬಂದರು.

"ನಾ ಅಲ್ಲಿ ಏನ್ ಮಾಡಿದೆ, ಹೇಳು."

"ಯಾರ್ದೋ ಕೊಡ ಕಾಲಿಲೆ ಸರಿಸಿದಂಗ ಮಾಡಿ ನಿಂದು ಇಟ್ಟಿ. ಆಮ್ಯಾಲೆ ಸೊಂಟಕ್ಕ ಕೈ ಇಟ್ಕೊಂಡು ಬೈದಿ."

ಅಜ್ಜಿ ಕಲ್ಲಿನ ಮೇಲೆ ಕೂತುಬಿಟ್ಟರು. "ನಮ್ಮನೆಯವ್ರೂ ಹಿಂಗ ಹೇಳ್ತಿದ್ರು," ಎಂದರು. ಬಹಳ ಹೊತ್ತು ಏಳಲಿಲ್ಲ. ಆ ಹೊತ್ತೆಲ್ಲ ನಾನು ಮರದ ಮೇಲೇ ಇದ್ದೆ. ಇಳಿಯಲು ಗ್ಯಾಂಗ್‌ಮನ್ ಹೆಗಲು ಕೊಡಬೇಕಾಯಿತು.

ವಾಪಸ್ ಬಸ್ಸು ಹಗರಿಬೊಮ್ಮನಹಳ್ಳಿ ಮುಟ್ಟಿದಾಗ ಅಜ್ಜಿ ನನ್ನನ್ನೂ ಎಬ್ಬಿಸಿ ಇಳಿಸಿದರು. ನೋಡಿದವನು ನಾನೇ, ಹೇಳಬೇಕಾದವನೂ ನಾನೇ ಅಂತೆ.

ನಾಗಮ್ಮ ಬಾಗಿಲು ತೆಗೆದು ಅಜ್ಜಿಯನ್ನು ದಿಟ್ಟಿಸಿದರು. ನಂತರ ನನ್ನ ಮೂಗಿನ ಮೇಲಿನ ಇರುವೆ ಕಚ್ಚಿದ ಬಾವನ್ನು ನೋಡಿದರು.

"ಇಂವ ಯಾರು?"

"ನಿನ್ನ ಕಡಿ ಸಾಕ್ಷಿ," ಎಂದರು ಅಜ್ಜಿ. "ಕ್ಯಾಬಿನ್‌ನಿಂದ ನಲ್ಲಿ ಕಾಣ್ತಿತ್ತು ನಾಗಮ್ಮ. ಚಾಡಿ ಹೇಳಿದಾಕಿ ನೀ ಅಲ್ಲ."

"ನಾ ಅವತ್ತಿಂದ ಇದನ್ನ ಹೇಳಾಕತ್ತೀನಿ," ಎಂದು ನಾಗಮ್ಮ ಬಾಗಿಲಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಕೊಟ್ಟೂರಿನ ಬಸ್ಸಿಗೆ ಹೊತ್ತಾಯಿತೆಂದು ಎರಡು ಸಲ ಹೇಳಿದೆ. ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು, ನನಗೆ ಸಂದು ಸಿಗಲಿಲ್ಲ. ಒಬ್ಬನೇ ಹೊರಟು ಓಣಿಯ ತಿರುವಿನಲ್ಲಿ ತಿರುಗಿ ನೋಡಿದೆ. ಒಲೆ ಹಚ್ಚಿದ ಹೊಗೆ ಕಾಣುತ್ತಿತ್ತು. ಅಜ್ಜಿಯ ದನಿ ಅಲ್ಲಿಯವರೆಗೂ ಕೇಳುತ್ತಿತ್ತು.